ಪ್ಲಾಸ್ಟಿಕ್ಕಿನ ವಿಮೋಚಕ

ಎರಡನೆಯ ಮಹಾಯುದ್ಧದಲ್ಲಿ ಬಾಂಬು ಹೊತ್ತು ಹಾರಿದ ಅಮೆರಿಕದ ಬಿ-24 ವಿಮಾನಕ್ಕೆ ಇಟ್ಟ ಹೆಸರು ಲಿಬರೇಟರ್, ಅಂದರೆ ವಿಮೋಚಕ. ಅದರ ಪ್ಲಾಸ್ಟಿಕ್ ಮಾದರಿಯ ಬಿಡಿಭಾಗಗಳು ಇಂದಿಗೂ ಬಣ್ಣದ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತಿವೆ. ಅಳತೆ 72ರಲ್ಲಿ ಒಂದು ಪಾಲು. 110 ಅಡಿಯ ರೆಕ್ಕೆ 18 ಅಂಗುಲಕ್ಕಿಳಿದು ಮೇಜಿನ ಮೇಲೆ ಕೂರುತ್ತದೆ.

ಇದು ಉಳ್ಳವರ ಮಕ್ಕಳ ಆಟವೆಂದು ಮೂಗು ಮುರಿಯುವವರಿದ್ದಾರೆ. ನಾವು ಹಾಗೆನ್ನುವುದಿಲ್ಲ. ಕೈಕೆಲಸವನ್ನು ಹೀಗಳೆಯುವುದು ನಮಗೆ ಸಲ್ಲದು. ಭಾಗಗಳನ್ನು ಅಚ್ಚಿನ ಚೌಕಟ್ಟಿನಿಂದ ಬಿಡಿಸಬೇಕು, ಅಂಚು ಉಜ್ಜಬೇಕು, ಅಂಟು ಹಚ್ಚಿ ಕೂಡಿಸಬೇಕು. ಅಂಗಡಿಯ ಶಟರಿನಂತೆ ಪಕ್ಕಕ್ಕೆ ಸರಿಯುವ ಬಾಂಬುಗೂಡಿನ ಬಾಗಿಲನ್ನು ತಪ್ಪಿಲ್ಲದೆ ಜೋಡಿಸಬೇಕು. ಮೂಗಿನೊಳಗೆ ಸೀಸದ ಗುಂಡುಗಳನ್ನು ತುಂಬದಿದ್ದರೆ ಈ ವಿಮಾನ ಬಾಲದ ಮೇಲೆ ಕುಕ್ಕರಿಸುತ್ತದೆ! ಇಷ್ಟು ತಾಳ್ಮೆ ಕಲಿಸುವ ಕೆಲಸ ಕೆಟ್ಟದ್ದಲ್ಲ.

ನಮ್ಮ ತಕರಾರು ಬೇರೆ. ರಿವೆಟ್ಟಿನ ಸಾಲು ಎಣಿಸುವ, ಹಸಿರು ಬಣ್ಣದ ಛಾಯೆಗಾಗಿ ವಾರಗಟ್ಟಲೆ ಜಗಳವಾಡುವ ಈ ಸತ್ಯನಿಷ್ಠೆ ಅಷ್ಟಕ್ಕೇ ಏಕೆ ನಿಲ್ಲಬೇಕು? ಈ ವಿಮಾನವನ್ನು ಕಟ್ಟಿದವರು ಯಾರು? ಅದರ ಬಾಂಬು ಬಿದ್ದದ್ದು ಯಾರ ತಲೆಯ ಮೇಲೆ?

ಕೇಳಿ. ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾದವು. ಮಿಶಿಗನ್ನಿನ ವಿಲೋ ರನ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ 1944ರ ಹೊತ್ತಿಗೆ ಗಂಟೆಗೊಂದು ವಿಮಾನ ಹೊರಬೀಳುತ್ತಿತ್ತು. ರಿವೆಟ್ಟು ಹೊಡೆದವರಲ್ಲಿ ಸಾವಿರಾರು ಹೆಂಗಸರಿದ್ದರು. 1943ರ ಆಗಸ್ಟ್ 1ರಂದು ರುಮೇನಿಯದ ಪ್ಲೊಯೆಷ್ಟಿಯ ಎಣ್ಣೆ ಕಾರ್ಖಾನೆಗಳ ಮೇಲೆರಗಿದ 170ಕ್ಕೂ ಹೆಚ್ಚು ಲಿಬರೇಟರ್‌ಗಳಲ್ಲಿ 50ಕ್ಕೂ ಹೆಚ್ಚು ನಾಶವಾದವು. ಒಂದೊಂದರಲ್ಲೂ ಹತ್ತು ಮಂದಿಯಷ್ಟು ಹುಡುಗರಿದ್ದರು.

ಇನ್ನು ಸಯಾಮ್-ಬರ್ಮಾ ರೈಲುಮಾರ್ಗ. ಜಪಾನೀ ಸೇನೆ ಯುದ್ಧಕೈದಿಗಳಿಂದಲೂ ಏಷ್ಯದ ಕೂಲಿಗಳಿಂದಲೂ ಅದನ್ನು ಬಲವಂತದಿಂದ ಕಟ್ಟಿಸಿತು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳು ಅವರಲ್ಲಿ ಬಹಳ. ಹತ್ತಾರು ಸಾವಿರ ಜನ ಅಲ್ಲೇ ಸತ್ತರು. 1944-45ರಲ್ಲಿ ಅದೇ ಮಾರ್ಗದ ಸೇತುವೆಗಳ ಮೇಲೆ ಲಿಬರೇಟರ್‌ಗಳು ಬಾಂಬು ಸುರಿದವು. ಸೇತುವೆಯ ಪಕ್ಕದ ಶಿಬಿರದಲ್ಲಿದ್ದ ಕೈದಿಗಳಲ್ಲಿ ಕೆಲವರು ತಮ್ಮವರ ಬಾಂಬಿಗೇ ಬಲಿಯಾದರು. ಫ್ಯಾಸಿಸ್ಟರನ್ನು ಸೋಲಿಸಲೇಬೇಕಾಗಿತ್ತು, ನಿಜ. ಆದರೆ ಆ ಗೆಲುವಿನ ಬೆಲೆ ಯಾರು ತೆತ್ತರೆಂಬುದನ್ನು ಮರೆಸುವ ಹಕ್ಕು ಯಾರಿಗೂ ಇಲ್ಲ.

ನಮ್ಮ ನಾಡಿನ ಪಾಲೂ ಇದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನಪುರದಲ್ಲಿ ಈ ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದರು. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಆ ಗುಜರಿಯಿಂದ ಸುಮಾರು 40 ವಿಮಾನಗಳಿಗೆ ಜೀವ ಕೊಟ್ಟರು. ಭಾರತದ ವಾಯುದಳ 1948ರಿಂದ 1968ರ ವರೆಗೆ ಅವನ್ನು ಹಾರಿಸಿತು. ಇಂದು ಜಗತ್ತಿನಲ್ಲಿ ಉಳಿದಿರುವ ಕೆಲವೇ ಲಿಬರೇಟರ್‌ಗಳಲ್ಲಿ ಹಲವು ಇಲ್ಲಿಂದ ಹೋದವು. ಬ್ರಿಟಿಷ್ ವಾಯುದಳದ ಸಂಗ್ರಹಾಲಯದಲ್ಲಿರುವುದು, ಅರಿಜೋನದ ಪೀಮಾ ಸಂಗ್ರಹಾಲಯದಲ್ಲಿರುವುದು, ಎರಡೂ ಅಂಥವೇ. ಅಲ್ಲಿಗೆ ಹೋಗಿ ರಿವೆಟ್ಟು ಎಣಿಸುವ ಮಹನೀಯರು ನಮ್ಮ ಫಿಟ್ಟರನ ಕೈಗುರುತನ್ನೂ ಎಣಿಸುತ್ತಿದ್ದಾರೆ. ಆತನ ಹೆಸರು ಮಾತ್ರ ಯಾವ ಪೆಟ್ಟಿಗೆಯ ಮೇಲೂ ಇಲ್ಲ.

“ಇದು ಬರಿಯ ಹವ್ಯಾಸ, ರಾಜಕೀಯ ಬೆರೆಸಬೇಡಿ” ಎನ್ನುತ್ತಾರೆ. ಸ್ವಾಮಿ, ಬಾಂಬು ಹಾಕುವ ಯಂತ್ರಕ್ಕೆ ವಿಮೋಚಕನೆಂದು ಹೆಸರಿಟ್ಟವರು ಅದನ್ನು ಮೊದಲೇ ಬೆರೆಸಿದ್ದಾರೆ.

ಆದ್ದರಿಂದ ಮಾದರಿಯನ್ನು ಮುರಿಯಿರಿ ಎಂದು ನಾವು ಹೇಳುವುದಿಲ್ಲ. ಪೂರ್ತಿ ಮಾಡಿ ಎನ್ನುತ್ತೇವೆ. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಮಗು ಬಾಂಬರ್ ಕಟ್ಟಿದರೆ ಅದರ ಪೀಠಕ್ಕೆ ಒಂದು ಚೀಟಿ ಅಂಟಿಸಲಿ. ಯಾರು ಕಟ್ಟಿದರು, ಯಾರು ಹಾರಿಸಿದರು, ಎಲ್ಲಿ ಬಾಂಬು ಬಿತ್ತು, ಯಾರು ಸತ್ತರು, ಯಾರು ದುರಸ್ತಿ ಮಾಡಿದರು ಎಂದು ಹುಡುಕಿ ಬರೆಯಲಿ. ಅಷ್ಟಾಗುವವರೆಗೆ, ಎಷ್ಟೇ ಅಂಟು ಹಚ್ಚಿದರೂ ಆ ಮಾದರಿ ಅರ್ಧವೇ.