ಗಾಡಿ ನಮ್ಮದು, ಅದರ ಕಾಯಿಲೆ ಮಾತ್ರ ಕಂಪನಿಯ ಗುಟ್ಟು!

ಹೋದ ತಿಂಗಳು ಸುದ್ದಿಗೆಂದು ಹೊರಟಾಗ ನನ್ನ ಬೈಕಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಮೈಲೇಜ್ ಮೊದಲೇ ಇಳಿದಿತ್ತು. ಊರಿನ ಮೆಕ್ಯಾನಿಕ್ ನೋಡಿ, "ಇದು ಎಫ್‌ಐ ಗಾಡಿ ಅಣ್ಣಾ, ಸ್ಕ್ಯಾನರ್ ಬೇಕು, ನನ್ನತ್ರ ಇಲ್ಲ" ಎಂದ. 40 ಕಿ.ಮೀ. ದೂರದ ಸರ್ವಿಸ್ ಸೆಂಟರ್‌ಗೆ ಹೋದೆ. ಸಿಕ್ಕಿದ್ದು ಏನು? ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರಿನ ವೈರ್ ಸಡಿಲ! ಐದು ನಿಮಿಷದ ಕೆಲಸಕ್ಕೆ ಒಂದು ದಿನದ ದುಡಿಮೆ ಹೋಯಿತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂತು. ಅದು ಒಳ್ಳೆಯದೇ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸೆನ್ಸರ್‌ಗಳು ಕೊಡುವ ಮಾಹಿತಿ ನೋಡಿಕೊಂಡು ಈ ಲೆಕ್ಕ ಹಾಕುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಹೊಗೆ ಕಮ್ಮಿ, ಪೆಟ್ರೋಲ್ ಉಳಿತಾಯ. ಆದರೆ ಒಂದು ಸೆನ್ಸರ್ ಕೈಕೊಟ್ಟರೂ ಲೆಕ್ಕ ತಪ್ಪುತ್ತದೆ, ನಮ್ಮ ಜೇಬು ಸುಡುತ್ತದೆ.

ಯಾವುದು ಕೆಟ್ಟಿದೆ ಎಂದು ಇಸಿಯುಗೆ ಗೊತ್ತು. ಕೆಲವು ಗಾಡಿಗಳಲ್ಲಿ ಆ ದೀಪ ಎಷ್ಟು ಸಲ ಮಿಟುಕುತ್ತದೆ ಎಂಬುದೇ ದೋಷದ ಕೋಡ್. ಆ ಕೋಡಿನ ಅರ್ಥವನ್ನು ಗಾಡಿ ಕೊಂಡವನಿಗೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲು ಏನು ಕಷ್ಟ?

"ಗೊತ್ತಿಲ್ಲದವರು ಕೈ ಹಾಕಿದರೆ ಹಾಳಾಗುತ್ತದೆ" ಎನ್ನುತ್ತಾರೆ. ನಿಜ. ಹಾಗಾದರೆ ಗೊತ್ತು ಮಾಡಿಸಿ! ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ಇದನ್ನು ಕಲಿಯಲು ಬರುವುದಿಲ್ಲವೇ?

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ವಾಹನ, ಕೃಷಿ ಯಂತ್ರ ಎರಡೂ ಅದರಲ್ಲಿವೆ. ಆದರೆ ಪೋರ್ಟಲ್ ಒಂದೇ ಸಾಲದು. ಕೋಡ್ ಪಟ್ಟಿ, ರಿಪೇರಿ ಪುಸ್ತಕ, ಕೈಗೆಟುಕುವ ಬೆಲೆಗೆ ಸ್ಕ್ಯಾನರ್ ಕೊಡುವುದು ಕಡ್ಡಾಯವಾಗಬೇಕು. ತಾಲ್ಲೂಕಿನ ಐಟಿಐಗಳಲ್ಲಿ ಹಳ್ಳಿ ಮೆಕ್ಯಾನಿಕ್‌ಗಳಿಗೆ ತರಬೇತಿ ನಡೆಯಬೇಕು.

ಅಲ್ಲಿಯವರೆಗೆ ನಮ್ಮ ಪಾಲಿನದನ್ನು ನಾವು ಮಾಡೋಣ. ಅಂಗಡಿಯ ಬಾಟಲಿ ಪೆಟ್ರೋಲ್ ಬಿಡಿ, ಅದರ ಕಸ ಇಂಜೆಕ್ಟರಿನ ಸಣ್ಣ ತೂತು ಕಟ್ಟುತ್ತದೆ. ಧೂಳಿನ ರಸ್ತೆಯಲ್ಲಿ ಓಡಾಡುವವರು ಏರ್ ಫಿಲ್ಟರ್ ಆಗಾಗ ನೋಡಿಸಿ. ಸರ್ವಿಸ್ ಸೆಂಟರಿನಲ್ಲಿ "ಯಾವ ಕೋಡ್ ಬಂತು?" ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ದುಡ್ಡು ಕೊಟ್ಟವರು ನಾವು. ಕೇಳುವ ಹಕ್ಕೂ ನಮ್ಮದೇ.