ಹರಪ್ಪದ ಚರಂಡಿ ತೊಳೆದವರು ಯಾರು?

ಈ ಪ್ರಶ್ನೆ ಕೇಳದೆ ಹರಪ್ಪದ ಪಾಠ ಮಾಡೋದು ಅಂದ್ರೆ ಮಕ್ಕಳಿಗೆ ಅರ್ಧ ಇತಿಹಾಸ ಹೇಳಿ ಪೂರ್ತಿ ಹೆಮ್ಮೆ ತುಂಬಿದ ಹಾಗೆ. ಸರ್ಕಾರಿ ಪಠ್ಯಪುಸ್ತಕದ ಬಗ್ಗೆ ನಾವು ಸಾಕಷ್ಟು ಬೈದಾಡಿದ್ದೀವಿ. ಇವತ್ತು ಬರೀತಿರೋದು ಪಠ್ಯಪುಸ್ತಕವೂ ಬೇಡ, ಶಾಲೆಯೂ ಬೇಡ ಅಂತ ಹೊರಗೆ ಬಂದವರ ಬಗ್ಗೆ.

ಬೆಂಗಳೂರಿನಲ್ಲಿ ಮಕ್ಕಳನ್ನ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸೋ ಕುಟುಂಬಗಳಿವೆ. ಹೋಮ್‌ಸ್ಕೂಲಿಂಗ್ ಅಂತಾರೆ. ಹತ್ತಾರು ಮನೆಯವರು ಸೇರಿ ಗುಂಪು ಮಾಡ್ಕೊಂಡು, ಹದಿಮೂರು ಹದಿನಾಲ್ಕು ದಾಟಿದ ಮಕ್ಕಳಿಗೆ ಪ್ರಾಚೀನ ನಾಗರಿಕತೆಗಳ ಪಾಠ ಇಟ್ಕೊಳ್ತಾರೆ. ಉರು ಹೊಡೆಸಲ್ಲ, ಕೈಯಲ್ಲಿ ಮಾಡಿಸ್ತಾರೆ. ಸಕ್ಕರೆ ಕ್ಯೂಬಿನಲ್ಲಿ ಪಿರಮಿಡ್ಡು. ಕಿತ್ತಳೆ ಹಣ್ಣಿನ ತಿರುಳು ತೆಗೆದು, ಉಪ್ಪು ಸೋಡಾ ತುಂಬಿ, ಬಟ್ಟೆ ಸುತ್ತಿ ಮಮ್ಮಿ. ಜೇಡಿಮಣ್ಣಿನಲ್ಲಿ ಗೂಳಿಯ ಮುದ್ರೆ. ಈ ವಿಧಾನದ ಬಗ್ಗೆ ನನಗೆ ಒಂದು ತಕರಾರೂ ಇಲ್ಲ. ಇಸವಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆಯೋದಕ್ಕಿಂತ ಇದು ಎಷ್ಟೋ ಮೇಲು.

ನನ್ನ ತಕರಾರು ಏನಂದ್ರೆ, ಈ ಚಟುವಟಿಕೆಗಳಲ್ಲಿ ವಸ್ತು ಇರುತ್ತೆ, ಮನುಷ್ಯ ಇರಲ್ಲ. ಪಿರಮಿಡ್ ಇದೆ, ಕಲ್ಲು ಎಳೆದವನಿಲ್ಲ. ಮಮ್ಮಿ ಇದೆ, ಹೆಣ ಕೊಯ್ದವನಿಲ್ಲ. ಚರಂಡಿ ಇದೆ, ಕೆಸರು ಎತ್ತಿದವರಿಲ್ಲ.

ಇಂಥದ್ದೇ ಒಂದು ಗುಂಪಿನವರು ಎರಡು ಶನಿವಾರ ಬಂದು ಪಾಠ ಮಾಡಿ ಅಂತ ನನ್ನನ್ನ ಕರೆದಿದ್ರು. ಏನೇನು ಮಾಡಿಸ್ತೀನಿ ಅಂತ ಬರೆದು ಕಳಿಸಿದೆ. ಮೂರನೇ ದಿನ ಮೆಸೇಜು ಬಂತು: "ಮೇಡಂ, ದಯವಿಟ್ಟು ಜಾತಿ ವಿಷಯ ಬೇಡ. ಇದು ಪ್ರಾಚೀನ ಇತಿಹಾಸ ಅಷ್ಟೇ. ಮಕ್ಕಳು ಇನ್ನೂ ಚಿಕ್ಕವರು." ನಾನು ಕಳಿಸಿದ ಪಟ್ಟಿಯಲ್ಲಿ ಜಾತಿ ಅನ್ನೋ ಪದ ಒಂದೇ ಒಂದು ಸಲವೂ ಇರಲಿಲ್ಲ! ಚರಂಡಿ ಇತ್ತು, ಅಷ್ಟೇ. ಚರಂಡಿ ಅಂದ ತಕ್ಷಣ ಅವರಿಗೇ ಜಾತಿ ನೆನಪಾಯ್ತು. ಎರಡು ಶನಿವಾರವೂ ರದ್ದಾಯ್ತು. ಗುಂಪಿನ ಹೆಸರು ಹೇಳಲ್ಲ, ಅದು ಮುಖ್ಯವೂ ಅಲ್ಲ. ಅವರು ಬೇಡ ಅಂದ ಪಾಠವನ್ನ ಇಲ್ಲಿ ಹಾಕ್ತಿದ್ದೀನಿ. ಯಾರು ಬೇಕಾದ್ರೂ ತಗೊಳ್ಳಿ.

ಮೊದಲನೇದು ಚರಂಡಿ. 1924ರಲ್ಲಿ ಜಾನ್ ಮಾರ್ಷಲ್ ಸಿಂಧೂ ನಾಗರಿಕತೆಯ ಸುದ್ದಿಯನ್ನ ಜಗತ್ತಿಗೆ ಹೇಳಿದಾಗಿನಿಂದ ನೂರು ವರ್ಷ ಆ ಚರಂಡಿಗಳನ್ನ ಹೊಗಳ್ತಾನೇ ಇದ್ದೀವಿ. ಸುಟ್ಟ ಇಟ್ಟಿಗೆಯ ಕಾಲುವೆ, ಮೇಲೆ ಮುಚ್ಚಳ, ಅಲ್ಲಲ್ಲಿ ಕಸ ತಂಗೋ ಗುಂಡಿ. ಹೊಗಳಬೇಕಾದದ್ದೇ. ಆದ್ರೆ ಗುಂಡಿ ಮಾಡೋದೇ ಯಾರೋ ಇಳಿದು ಬಳೀಲಿ ಅಂತ. ಮೊಹೆಂಜೊದಾರೊ ಅಗೆದ ಅರ್ನೆಸ್ಟ್ ಮೆಕೆ ಇನ್ನೊಂದು ಮಾತೂ ಬರೆದಿಟ್ಟಿದ್ದಾರೆ: ಚರಂಡಿಗಳ ಪಕ್ಕದಲ್ಲಿ ಮರಳಿನ ಗುಡ್ಡೆಗಳು ಸಿಕ್ಕಿವೆ, ಅಂದ್ರೆ ಬಳಿದು ಎತ್ತಿ ಹಾಕಿದ್ದನ್ನ ಎಲ್ಲ ಸಲವೂ ಸಾಗಿಸ್ತಿರಲಿಲ್ಲ. ಚರಂಡಿ ಬಳಿದವರ ಗುರುತು ಅದೇ ಗುಡ್ಡೆ. ನಾಲ್ಕು ಸಾವಿರ ವರ್ಷ ಆದ್ರೂ ಅಲ್ಲೇ ಇತ್ತು.

ಇದಕ್ಕೆ ಚಟುವಟಿಕೆ ಏನು? ಹಿತ್ತಲಲ್ಲಿ ಹತ್ತು ಅಡಿ ಇಟ್ಟಿಗೆ ಕಾಲುವೆ ಕಟ್ಟಿ, ಸ್ವಲ್ಪ ಇಳಿಜಾರು ಕೊಡಿ, ಕೊನೆಗೊಂದು ಗುಂಡಿ ಮಾಡಿ. ದಿನಾ ಪಾತ್ರೆ ತೊಳೆದ ನೀರು, ಮಣ್ಣು, ತರಕಾರಿ ಸಿಪ್ಪೆ ಹಾಕಿ. ಎಷ್ಟನೇ ದಿನ ಕಟ್ಟಿಕೊಳ್ಳುತ್ತೆ ಬರೆದಿಡಿ. ಆಮೇಲೆ ಮಕ್ಕಳೇ ಬಳೀಲಿ. ಎಷ್ಟು ಹೊತ್ತು ಹಿಡೀತು ನೋಡಿ, ಇಡೀ ಊರಿನ ಬೀದಿಗಳಿಗೆ ಲೆಕ್ಕ ಹಾಕಿ. ಗಣಿತವೂ ಆಯ್ತು, ಇತಿಹಾಸವೂ ಆಯ್ತು. ಬಳಿಯೋದಕ್ಕೆ ಮನೆ ಕೆಲಸದ ಅಕ್ಕನನ್ನ ಕರೆಯೋ ಹಾಗಿಲ್ಲ. ಅವಳನ್ನ ಕರೆದ್ರೆ ಮಕ್ಕಳು ಕಲಿಯೋ ಪಾಠವೇ ಬೇರೆ!

ಹರಪ್ಪದಲ್ಲಿ ಜಾತಿ ಇತ್ತು ಅಂತ ನಾನು ಹೇಳ್ತಿಲ್ಲ. ಆ ಲಿಪಿಯನ್ನ ಎಲ್ಲರೂ ಒಪ್ಪೋ ಹಾಗೆ ಓದಿದವರು ಇನ್ನೂ ಇಲ್ಲ. ಬಳಿದವರು ಯಾರು, ಕೂಲಿ ಏನು, ಮರ್ಯಾದೆ ಏನು, ಇವಕ್ಕೆ ಉತ್ತರ ಸಿಕ್ಕಿಲ್ಲ. ಉತ್ತರ ಸಿಗದ ಪ್ರಶ್ನೆಯನ್ನ ಹದಿನಾಲ್ಕರ ಮಗುವಿನ ಮುಂದೆ ಇಡೋದೇ ಇತಿಹಾಸ ಕಲಿಸೋದು. ಆದ್ರೆ ಇವತ್ತಿನ ಚರಂಡಿಗೆ ಉತ್ತರ ಗೊತ್ತಿದೆ. ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದ್ರು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಬಂತು. ನಡುವೆ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯ್ತು. ಮೊಹೆಂಜೊದಾರೊ ಚರಂಡಿಯ ಚಿತ್ರ ಬಿಡಿಸೋ ಮಗುವಿಗೆ ಸವಣೂರು ಎಲ್ಲಿದೆ ಅಂತ ಗೊತ್ತಾಗೋದು ಬೇಡ್ವಾ?

ಎರಡನೇದು ಮಮ್ಮಿ. ಕಿತ್ತಳೆ ಹಣ್ಣು ಕೊಯ್ಯೋ ಮುಂಚೆ ಒಂದು ವಿಷಯ ಹೇಳಿ. ಕ್ರಿ.ಪೂ. 1ನೇ ಶತಮಾನದ ಗ್ರೀಕ್ ಇತಿಹಾಸಕಾರ ಡಯೋಡೊರಸ್ ಈಜಿಪ್ಟಿನ ಶವಸಂಸ್ಕಾರ ವಿವರಿಸ್ತಾ ಬರೀತಾನೆ: ಹೆಣದ ಪಕ್ಕೆ ಸೀಳೋದಕ್ಕೆ ಅಂತಲೇ ಒಬ್ಬ ಇರ್ತಿದ್ದ. ಸೀಳಿದ ತಕ್ಷಣ ಅವನು ಓಡಬೇಕು, ಯಾಕಂದ್ರೆ ಅಲ್ಲಿದ್ದವರೆಲ್ಲ ಶಾಪ ಹಾಕ್ತಾ ಅವನಿಗೆ ಕಲ್ಲು ಹೊಡೀತಿದ್ರು. ಆಮೇಲೆ ಮೈಗೆ ಲೇಪ ಹಚ್ಚಿ ಕೆಡದಂತೆ ಮಾಡೋರಿಗೆ ಮಾತ್ರ ಗೌರವ, ಪುರೋಹಿತರ ಒಡನಾಟ. ಕೆಲಸ ಬೇಕು, ಮಾಡಿದವನು ಬೇಡ. ಇದನ್ನ ಓದಿದಾಗ ನಿಮಗೆ ಏನು ನೆನಪಾಗುತ್ತೆ? ಊರಲ್ಲಿ ಸತ್ತ ದನ ಎತ್ತೋದಕ್ಕೆ ಕೇರಿಗೆ ಹೇಳಿ ಕಳಿಸಿ, ಎತ್ತಿದವರಿಗೆ ನೀರನ್ನ ಮೇಲಿಂದ ಹುಯ್ಯೋ ಊರುಗಳು ನನಗೆ ನೆನಪಾಗ್ತವೆ. ಈಜಿಪ್ಟಿನದ್ದೂ ನಮ್ಮದೂ ಒಂದೇ ಅಲ್ಲ. ಎಲ್ಲಿ ಒಂದೇ, ಎಲ್ಲಿ ಬೇರೆ ಅಂತ ಮಕ್ಕಳೇ ಚರ್ಚೆ ಮಾಡ್ಲಿ.

ಈಜಿಪ್ಟಿನಲ್ಲಿ ಬರೀ ಕಲ್ಲೇಟು ತಿಂದವರಿರಲಿಲ್ಲ, ಎದ್ದು ನಿಂತವರೂ ಇದ್ರು. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ರಾಜರ ಗೋರಿ ಕೊರೀತಿದ್ದ ದೇರ್ ಎಲ್ ಮದೀನಾದ ಕೆಲಸಗಾರರು ಕೂಲಿಯ ಧಾನ್ಯ ಬರಲಿಲ್ಲ ಅಂತ ಕೆಲಸ ನಿಲ್ಲಿಸಿ ದೇವಸ್ಥಾನದ ಹತ್ತಿರ ಹೋಗಿ ಕೂತ್ರು. ಹಸಿವಾಗಿದೆ, ಬಟ್ಟೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ ಅಂತ ಹೇಳಿದ್ದು ದಾಖಲಾಗಿದೆ. ಆ ಪಪೈರಸ್ ಇಟಲಿಯ ಟ್ಯೂರಿನ್ನಿನಲ್ಲಿದೆ. ಜಗತ್ತಿನಲ್ಲಿ ಲಿಖಿತ ದಾಖಲೆ ಇರೋ ಅತಿ ಹಳೆಯ ಮುಷ್ಕರಗಳಲ್ಲಿ ಇದೊಂದು. ಫೆರೋನ ಪಟ್ಟಾಭಿಷೇಕದ ನಾಟಕ ಆಡಿಸೋ ಬದಲು ಈ ಧರಣಿಯನ್ನ ಆಡಿಸಿ. ಅರ್ಧ ಮಕ್ಕಳು ಕೆಲಸಗಾರರು, ಅರ್ಧ ಅಧಿಕಾರಿಗಳು. ಮಧ್ಯದಲ್ಲಿ ಪಾತ್ರ ಬದಲಾಯಿಸಿ.

ಮೂರನೇದು ಊಟ. "ಹರಪ್ಪದ ಅಡುಗೆ" ಈ ಗುಂಪುಗಳಿಗೆ ಬಹಳ ಪ್ರಿಯ. ಬಾರ್ಲಿ, ಗೋಧಿ, ಎಳ್ಳು, ಬೇಳೆ. ಎಲೆ ತುಂಬಾ ಸಾತ್ವಿಕ! 2020ರ ಫೆಬ್ರವರಿಯಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸಿಂಧೂ ನಾಗರಿಕತೆಯ ಊಟದ ಕಾರ್ಯಕ್ರಮ ನಡೆದಾಗಲೂ ಮೊದಲು ಪಟ್ಟಿಯಲ್ಲಿದ್ದ ಮೀನು ಮಾಂಸವನ್ನ ಕೈಬಿಟ್ಟಿದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಕ್ಷ್ಯೇತಾ ಸೂರ್ಯನಾರಾಯಣ್ ಮತ್ತು ಸಂಗಡಿಗರ ಸಂಶೋಧನೆ ಪ್ರಕಟ ಆಯ್ತು. ವಾಯುವ್ಯ ಭಾರತದ ಸಿಂಧೂ ನೆಲೆಗಳ ಮಡಕೆ ಚೂರುಗಳಲ್ಲಿ ಉಳಿದಿದ್ದ ಕೊಬ್ಬನ್ನ ಪರೀಕ್ಷೆ ಮಾಡಿದ್ರು. ಹಂದಿ, ದನ ಅಥವಾ ಎಮ್ಮೆ, ಕುರಿ ಅಥವಾ ಮೇಕೆಯ ಕೊಬ್ಬಿನ ಗುರುತು ಸಿಕ್ತು. ಅದೇ ಡಿಸೆಂಬರ್‌ನಲ್ಲಿ ನಮ್ಮ ವಿಧಾನಸಭೆಯಲ್ಲಿ ಜಾನುವಾರು ಹತ್ಯೆ ನಿಷೇಧದ ಮಸೂದೆ ಪಾಸಾಯ್ತು. ಸಿಂಧೂ ಕಣಿವೆ ದೂರ ಅನ್ನೋದಾದ್ರೆ ಸುರಪುರ ತಾಲೂಕಿನ ಬೂದಿಹಾಳಕ್ಕೆ ಹೋಗಿ. ಹೆಚ್ಚುಕಡಿಮೆ ಹರಪ್ಪದ ಕಾಲದ ನವಶಿಲಾಯುಗದ ಊರು. ದನ ಸಾಕಿದವರು, ಸಗಣಿ ಸುಟ್ಟು ಬೂದಿ ದಿಬ್ಬ ಮಾಡಿದವರು. ಕೆ. ಪದ್ದಯ್ಯ ಅಲ್ಲಿ ಅಗೆದಾಗ ದನ ಕೊಯ್ದು ಪಾಲು ಮಾಡ್ತಿದ್ದ ಜಾಗವೇ ಸಿಕ್ಕಿದೆ. ಮಕ್ಕಳಿಗೆ ಮಾಂಸ ತಿನ್ನಿಸಿ ಅಂತ ನಾನು ಹೇಳ್ತಿಲ್ಲ. ತಿನ್ನದೇ ಇರೋದು ನಿಮ್ಮ ಹಕ್ಕು. ಆದ್ರೆ ಮಡಕೆಯಲ್ಲಿ ಇದ್ದದ್ದನ್ನ ಇರಲಿಲ್ಲ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ. ನಮ್ಮ ಹುಡುಗರು ಡಬ್ಬಿ ತೆಗೆಯೋಕೆ ನಾಚಿಕೆ ಪಡೋದು ಇಂಥ ಸುಳ್ಳು ಊಟದ ಎಲೆಗಳಿಂದಲೇ.

ನಾಲ್ಕನೇದು ಕಾನೂನು. ಬ್ಯಾಬಿಲೋನಿನ ಹಮ್ಮುರಾಬಿ ಅಂದ್ರೆ "ಕಣ್ಣಿಗೆ ಕಣ್ಣು" ಅಂತ ಹೇಳಿಕೊಡ್ತಾರೆ. ಪೂರ್ತಿ ಹೇಳಿ ಸ್ವಾಮಿ. ಮೇಲ್ವರ್ಗದವನ ಕಣ್ಣು ತೆಗೆದ್ರೆ ಕಣ್ಣಿಗೆ ಕಣ್ಣು. ಸಾಮಾನ್ಯನ ಕಣ್ಣು ತೆಗೆದ್ರೆ ಒಂದು ಮಿನಾ ಬೆಳ್ಳಿ. ಗುಲಾಮನ ಕಣ್ಣು ತೆಗೆದ್ರೆ ಅವನ ಬೆಲೆಯಲ್ಲಿ ಅರ್ಧ. ಅದರ ಪಕ್ಕದಲ್ಲೇ ಮನುಸ್ಮೃತಿಯ ಎಂಟನೇ ಅಧ್ಯಾಯ ಇಡಿ. ಬ್ರಾಹ್ಮಣನನ್ನ ಬೈದ ಕ್ಷತ್ರಿಯನಿಗೆ ನೂರು ಪಣ ದಂಡ, ಶೂದ್ರನಿಗೆ ದೇಹದಂಡನೆ. ಅದೇ ಬ್ರಾಹ್ಮಣ ಶೂದ್ರನನ್ನ ಬೈದ್ರೆ ಹನ್ನೆರಡು ಪಣ. ಮಕ್ಕಳು ಚೀಟಿ ಎತ್ತಲಿ, ಬಂದ ಚೀಟಿಯ ಪ್ರಕಾರ ಶಿಕ್ಷೆ ಕೇಳಿಸಿಕೊಳ್ಳಲಿ. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ಅರ್ಧ ಗಂಟೆಯಲ್ಲಿ ಅರ್ಥ ಆಗುತ್ತೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಪುಸ್ತಕಕ್ಕೆ ಯಾಕೆ ಬೆಂಕಿ ಇಟ್ಟರು ಅನ್ನೋದೂ ಅರ್ಥ ಆಗುತ್ತೆ. ಹಮ್ಮುರಾಬಿಯ ಕಲ್ಲು ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿದೆ. ಮನುವಿನ ಪ್ರತಿಮೆ ಜೈಪುರದ ಹೈಕೋರ್ಟ್ ಆವರಣದಲ್ಲಿದೆ. ಯಾವುದು ಪ್ರಾಚೀನ, ಯಾವುದು ಇವತ್ತಿನದು, ಮಕ್ಕಳೇ ಹೇಳ್ಲಿ.

"ಮಕ್ಕಳು ಚಿಕ್ಕವರು" ಅನ್ನೋ ಮಾತಿಗೆ ಬರ್ತೀನಿ. ಬಾಬಾಸಾಹೇಬರು ಶಾಲೆಗೆ ಕೂರೋಕೆ ಗೋಣಿತಟ್ಟು ಹೊತ್ಕೊಂಡು ಹೋಗ್ತಿದ್ದಾಗ ಚಿಕ್ಕವರಾಗಿರಲಿಲ್ವಾ? ನಮ್ಮ ಮಕ್ಕಳಿಗೆ ಜಾತಿ ಗೊತ್ತಾಗೋಕೆ ಯಾರೂ ವಯಸ್ಸು ನೋಡಲ್ಲ. ಅನುಭವಿಸೋ ವಯಸ್ಸು ಆರಾದ್ರೆ, ಓದಿ ತಿಳಿಯೋಕೆ ಹದಿನಾಲ್ಕು ಚಿಕ್ಕದು ಹೇಗಾಗುತ್ತೆ?

ಇನ್ನು ನಮ್ಮವರ ಪ್ರಶ್ನೆ. "ಅಕ್ಕಾ, ಹೋಮ್‌ಸ್ಕೂಲಿಂಗ್ ಎಲ್ಲ ದುಡ್ಡಿರೋರ ಶೋಕಿ, ನಮಗ್ಯಾಕೆ ಅದು?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಮ್ಮನ್ನ ಶಾಲೆಯಿಂದ ಹೊರಗಿಟ್ಟಿದ್ರು, ಇವರು ತಾವಾಗೇ ಹೊರಗೆ ಬಂದಿದ್ದಾರೆ. ಎರಡೂ ಒಂದೇ ಅಲ್ಲ, ಒಪ್ತೀನಿ. ಸರ್ಕಾರಿ ಶಾಲೆ ಉಳಿಸೋ ಹೋರಾಟ ಬಿಡಿ ಅಂತಾನೂ ಹೇಳ್ತಿಲ್ಲ. ಆದ್ರೆ ನಾಳೆ ನಗರ ಯೋಜನೆ ಮಾಡೋರು, ಮ್ಯೂಸಿಯಂ ನಡೆಸೋರು, ಕೋರ್ಟಿನಲ್ಲಿ ಕೂರೋರು ಈ ಮನೆಗಳಿಂದಲೂ ಬರ್ತಾರೆ. ಒಬ್ಬೇ ಒಬ್ಬ ನಮ್ಮ ಹುಡುಗನ ಜೊತೆ ಕೂತು ಓದದೆ ಬರ್ತಾರೆ. ಅಗ್ರಹಾರಕ್ಕೆ ವಾಟ್ಸಾಪ್ ಗ್ರೂಪ್ ಅನ್ನೋ ಹೊಸ ಹೆಸರು ಬೇಡ. ಇನ್ನೊಂದು ವಿಷಯ: ಇಟ್ಟಿಗೆ, ಮಣ್ಣು, ಚೀಟಿ, ನಾಟಕಕ್ಕೆ ದುಡ್ಡು ಬೇಕಾಗಿಲ್ಲ. ಹಾಸ್ಟೆಲ್ಲಿನಲ್ಲಿ, ಕೇರಿಯ ಸಂಜೆ ಪಾಠದಲ್ಲಿ ಇವತ್ತಿನಿಂದಲೇ ಶುರು ಮಾಡಬಹುದು.

ಹೋಮ್‌ಸ್ಕೂಲಿಂಗ್ ತಂದೆತಾಯಂದಿರಿಗೆ ನನ್ನ ಕೇಳಿಕೆ ಒಂದೇ. ಒಂದು ಸಲ ನಿಮ್ಮ ಮಕ್ಕಳನ್ನೂ ಒಂದು ಹಾಸ್ಟೆಲ್ಲಿನ ಮಕ್ಕಳನ್ನೂ ಒಂದೇ ಬಸ್ಸಿನಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಗೆ ಕರ್ಕೊಂಡು ಹೋಗಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಎಲ್ಲ ಮಕ್ಕಳೂ ಬ್ರಾಹ್ಮಿ ಲಿಪಿಯಲ್ಲಿ ತಮ್ಮ ಹೆಸರು ಬರೆಯೋದು ಕಲೀಲಿ, ಅಕ್ಷರ ಯಾರಪ್ಪನ ಆಸ್ತಿಯೂ ಅಲ್ಲ. ಆಮೇಲೆ ಶಾಸನದ ಅರ್ಥ ಹೇಳಿ. ದೊಡ್ಡವರು ಮಾತ್ರ ಇದನ್ನ ಸಾಧಿಸಬಲ್ಲರು ಅಂತ ತಿಳಿಯಬೇಡಿ, ಕಿರಿಯನೂ ಸಾಧಿಸಬಲ್ಲ, ಇಬ್ಬರಿಗೂ ಇದನ್ನ ತಿಳಿಸಿ ಅನ್ನೋದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ನೆಲದ ಬಂಡೆ ಮೇಲೆ ಕೆತ್ತಿದ ಮಾತು. ಇಬ್ಬರಿಗೂ ತಿಳಿಸಿ ಅಂದಿದೆ, ಬೇರೆ ಬೇರೆ ಕೂರಿಸಿ ತಿಳಿಸಿ ಅಂದಿಲ್ಲ.

ಬಸ್ಸಿನ ವ್ಯವಸ್ಥೆ ನೀವು ಮಾಡಿ. ಪಾಠ ನಾನು ಮಾಡ್ತೀನಿ. ಶನಿವಾರ ಬಿಡುವಿದೆ.

ಜೈ ಭೀಮ್.