ಒಗ್ಗರಣೆ, ಅಲಾರಾಂ ಮತ್ತು ಅಮೆರಿಸಿಯಂ

ಲಾಸ್ ಏಂಜಲೀಸಿಗೆ ಬಂದ ಮೊದಲ ವಾರವೇ ಸ್ಮೋಕ್ ಅಲಾರಾಂ ಜೊತೆ ನಮ್ಮ ಜಗಳ ಶುರುವಾಯ್ತು. ಸಾಸಿವೆ ಚಟಪಟ ಅಂದು ಒಣಮೆಣಸಿನಕಾಯಿ ಬಿದ್ದ ಕೂಡಲೇ ಅದು ಬಡ್ಕೊಳ್ಳೋದು, ಒಬ್ಬರು ಕಿಟಕಿ ತೆಗೆಯೋದು, ಇನ್ನೊಬ್ಬರು ಕುರ್ಚಿ ಹತ್ತಿ ಟವೆಲ್ ಬೀಸೋದು. ಸ್ಯಾನ್ ಡಿಯಾಗೋದಲ್ಲಿರೋ ಗೆಳೆಯರ ಮನೆಯಲ್ಲೂ ಇದೇ ಕಥೆ. ಕೊನೆಗೊಂದು ದಿನ ಬ್ಯಾಟರಿ ಕೀಳೋಣ ಅಂತ ಅದನ್ನು ಕೆಳಗಿಳಿಸಿದಾಗ ಹಿಂಬದಿಯಲ್ಲಿ ಸಣ್ಣಕ್ಷರ ಕಂಡಿತು: ಅಮೆರಿಸಿಯಂ-241, ವಿಕಿರಣಶೀಲ ವಸ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಬ್ಯಾಟರಿ ಕೀಳಲಿಲ್ಲ. ನೀವೂ ಕೀಳಬೇಡಿ.

ಅಮೆರಿಸಿಯಂ ಗಣಿಯಿಂದ ತೆಗೆದದ್ದಲ್ಲ, ಮನುಷ್ಯ ಮಾಡಿದ ಧಾತು. ಪರಮಾಣು ಸಂಖ್ಯೆ 95. 1944ರಲ್ಲಿ, ಯುದ್ಧದ ನಡುವೆ, ಷಿಕಾಗೋದಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಪ್ಲುಟೋನಿಯಂಗೆ ನ್ಯೂಟ್ರಾನ್ ಹೊಡೆದು ಪಡೆದದ್ದು. ಅದನ್ನೂ 96ನೇ ಧಾತು ಕ್ಯೂರಿಯಂ ಅನ್ನೂ ಬೇರ್ಪಡಿಸೋದು ಎಂಥ ಪೀಕಲಾಟ ಅಂದ್ರೆ, ತಂಡದವರು ಅವಕ್ಕೆ ‘ಪ್ಯಾಂಡೆಮೋನಿಯಂ’, ‘ಡೆಲಿರಿಯಂ’ ಅಂತ ಅಡ್ಡಹೆಸರಿಟ್ಟಿದ್ದರು. ಅಲಾರಾಂ ಒಳಗಿರೋದು ಒಂದು ಮೈಕ್ರೋಗ್ರಾಮಿಗೂ ಕಡಿಮೆ. ಅದರಿಂದ ಹೊಮ್ಮುವ ಆಲ್ಫಾ ಕಣಗಳು ಗಾಳಿಯಲ್ಲಿ ಅಯಾನುಗಳನ್ನು ಉಂಟುಮಾಡಿ ಒಂಚೂರು ವಿದ್ಯುತ್ ಹರಿಸುತ್ತವೆ. ಹೊಗೆ ನುಗ್ಗಿ ಅಯಾನುಗಳಿಗೆ ಅಂಟಿಕೊಂಡರೆ ವಿದ್ಯುತ್ ಕುಗ್ಗುತ್ತದೆ, ಅಲಾರಾಂ ಕೂಗುತ್ತದೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೂ ತಡೆಯುತ್ತದೆ. ಹಾಗಾಗಿ ಭಯ ಬೇಡ, ಬಿಚ್ಚಿ ಕೆದಕಬಾರದು ಅಷ್ಟೇ. ಅರ್ಧಾಯುಷ್ಯ 432 ವರ್ಷ. ನಮ್ಮ ಮನೆಯ ಲೀಸ್ ಹನ್ನೆರಡು ತಿಂಗಳು.

ಈ ಸೀಬೋರ್ಗ್ ಬೆಳೆದದ್ದು ಇಲ್ಲೇ. ವಾಟ್ಸ್‌ನ ಹೈಸ್ಕೂಲು, ಆಮೇಲೆ ಯುಸಿಎಲ್ಎ. ಮನೆಮಾತು ಸ್ವೀಡಿಷ್. ನಮಗೆ ಇಷ್ಟವಾದದ್ದು 1945ರ ನವೆಂಬರ್ 11ರ ಸಂಗತಿ. ಮಕ್ಕಳ ರೇಡಿಯೋ ಕ್ವಿಜ್ ಒಂದರಲ್ಲಿ ಒಬ್ಬ ಹುಡುಗ, ಹೊಸ ಧಾತು ಇನ್ನೇನಾದ್ರೂ ಸಿಕ್ಕಿದ್ಯಾ ಅಂತ ಕೇಳಿದ. ಹೂಂ, 95 ಮತ್ತು 96 ಅಂತ ಇವರು ಹೇಳಿಯೇಬಿಟ್ಟರು. ವಿಜ್ಞಾನಿಗಳ ಸಭೆಗೆ ತಿಳಿಸೋಕೆ ಇನ್ನೂ ಐದು ದಿನ ಇತ್ತು! ಸ್ಯಾನ್ ಡಿಯಾಗೋದಲ್ಲಿ ಪ್ರಾಧ್ಯಾಪಕಿಯಾಗಿದ್ದು 1963ರಲ್ಲಿ ನೊಬೆಲ್ ಪಡೆದ ಮರಿಯಾ ಗೆಪರ್ಟ್ ಮೇಯರ್ ಕೂಡ ಅಷ್ಟೇ. ಪರಮಾಣು ಬೀಜದೊಳಗಿನ ಕಣಗಳನ್ನು, ಸುತ್ತು ಹಾಕುತ್ತಾ ತಾವೂ ತಿರುಗುವ ನೃತ್ಯಜೋಡಿಗಳಿಗೆ ಹೋಲಿಸಿ ವಿವರಿಸುತ್ತಿದ್ದರು. ನಮಗಾದರೆ ಕೋಲಾಟ ಇದೆ.

ನಾವು ಮಾಡೋದೇನು? ವಿಡಿಯೋ ಕಾಲ್‌ನಲ್ಲಿ ಅಮ್ಮ “ಏನ್ ಓದ್ತಿದೀಯಪ್ಪ ಅಲ್ಲಿ?” ಅಂದ್ರೆ “ನಿಂಗರ್ಥ ಆಗಲ್ಲ ಬಿಡಮ್ಮ”. ಅರ್ಥ ಆಗದೇ ಇರೋದು ಅಮ್ಮನಿಗಲ್ಲ. ಹೇಳೋಕೆ ಬಾರದೇ ಇರೋದು ನಮಗೆ, ಅದನ್ನು ಒಪ್ಪಿಕೊಳ್ಳೋ ಧೈರ್ಯವೂ ಇಲ್ಲ. ಧಾತು, ವಿಕಿರಣ, ಅರ್ಧಾಯುಷ್ಯ ಎಲ್ಲವೂ ಕನ್ನಡ ಮಾಧ್ಯಮದ ಪಾಠಪುಸ್ತಕದಲ್ಲಿ ಇರೋ ಪದಗಳೇ. ನಮ್ಮಲ್ಲಿ ಇಬ್ಬರಿಗೆ ಅವು ಇಲ್ಲಿಗೆ ಬಂದ ಮೇಲೆ, ಮೂರನೆಯವಳು ಹೇಳಿಕೊಟ್ಟು ಗೊತ್ತಾದವು. ಅವಳು ತನ್ನಮ್ಮನಿಗೆ ಅಲಾರಾಂ ವಿಷಯ ವಿವರಿಸಿದಾಗ ಆ ಅಮ್ಮ ಕೇಳಿದ್ದು: “432 ವರ್ಷಕ್ಕೆ ಅರ್ಧ ಅಂದ್ರೆ 864ಕ್ಕೆ ಪೂರ್ತಿ ಖಾಲಿನಾ?” ಉಳಿದದ್ದರಲ್ಲಿ ಮತ್ತೆ ಅರ್ಧ, ಆಮೇಲೆ ಅದರಲ್ಲರ್ಧ ಅಂತ ಹೋಳಿಗೆ ಮುರಿದು ತೋರಿಸೋ ಹೊತ್ತಿಗೆ ಅರ್ಧ ಗಂಟೆ ಹೋಯಿತು. ಕ್ಲಾಸಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ನಮ್ಮ ರಾಜ್ಯೋತ್ಸವದಲ್ಲಿ ಹಾಡು, ಡ್ಯಾನ್ಸು, ಬಿಸಿಬೇಳೆಬಾತು ಎಲ್ಲಾ ಇರಲಿ. ಜೊತೆಗೆ ಹತ್ತು ನಿಮಿಷ, ಯಾರಾದರೂ ಒಬ್ಬರು ತಮ್ಮ ಥೀಸಿಸ್ಸನ್ನು ಸ್ಲೈಡ್ ಇಲ್ಲದೆ ಕನ್ನಡದಲ್ಲಿ ಹೇಳಲಿ. ಎಲೆಕ್ಟ್ರಾನ್ ಅನ್ನು ಎಲೆಕ್ಟ್ರಾನ್ ಅಂತಲೇ ಅನ್ನಿ, ಯಾರೂ ಬೈಯಲ್ಲ. ಮೊದಲ ಹತ್ತು ನಿಮಿಷಕ್ಕೆ ನಮ್ಮ ಹೆಸರು ಬರೆದುಕೊಳ್ಳಿ.